ಎದುರು ಪಕ್ಷದವಳು

ಜನವರಿಯ ಎರಡನೇ ಭಾನುವಾರ, ಟೊಲೆಡೊ ಮೈದಾನದಲ್ಲಿ ಅಮೆರಿಕನ್ ಫುಟ್‌ಬಾಲ್ ಆಟ ಮುಗಿಯಲು ಇನ್ನು ನಾಲ್ಕು ನಿಮಿಷ ಇರುವಾಗ, ಡೊರೀನ್ ವೊಯ್ಟ್ ಗುಂಡಿ ಒತ್ತಿ ಆಟ ನಿಲ್ಲಿಸಿದಳು.

ಅವಳು ಕೂರುವುದು ಪ್ರೇಕ್ಷಕರ ತಲೆಗಳ ಮೇಲೆ, ಎತ್ತರದ ಗಾಜಿನ ಕೋಣೆಯಲ್ಲಿ. ಎದುರಿಗೆ ನಾಲ್ಕು ಪರದೆ, ಬಲಗೈಗೆ ಎಟಕುವಂತೆ ರೆಫರಿಯ ಕಿವಿಗೆ ನೇರ ತಾಗುವ ಗುಂಡಿ. ಚೆಂಡು ಎಲ್ಲಿ ಹೋಯಿತು ಎಂದು ನೋಡುವುದು ಅವಳ ಕೆಲಸವಲ್ಲ. ಚೆಂಡು ದಾಟಿಹೋದ ಮೇಲೆ ನೆಲದಲ್ಲಿ ಬಿದ್ದವರು ಹೇಗೆ ಏಳುತ್ತಾರೆ ಎಂದು ನೋಡುವುದು ಅವಳ ಕೆಲಸ. ಕೈ ಊರಿದನೇ, ತಲೆ ಕೊಡವಿದನೇ, ತನ್ನ ತಂಡದ ಕಡೆಗೇ ನಡೆದನೇ. ಹಳ್ಳಿಯ ಶಾಲೆಯೊಂದರ ಮಕ್ಕಳ ಉಳುಕಿಗೆ, ಮುರಿತಕ್ಕೆ ಪಟ್ಟಿ ಕಟ್ಟುತ್ತ ಇಪ್ಪತ್ತೆಂಟು ವರ್ಷ ಕಳೆದವಳನ್ನು ಲೀಗಿನವರು ಈ ಕೆಲಸಕ್ಕೆ ಕರೆದಿದ್ದು ಅವಳ ಕಣ್ಣಿಗಾಗಿ.

ಆವತ್ತು ನೆಲಕ್ಕೆ ಬಿದ್ದವನು ಕಾರ್ವಿನ್ ಬೀಲ್ಸ್. ಟೊಲೆಡೊ ತಂಡದ ರಕ್ಷಣೆಯ ಕೊನೆಯ ಗೋಡೆ ಅವನು. ಎದುರು ತಂಡದವನು ಚೆಂಡಿಗಾಗಿ ಮೇಲಕ್ಕೆ ಹಾರಿದ್ದ. ಕಾರ್ವಿನ್ ಇಪ್ಪತ್ತು ಹೆಜ್ಜೆ ದೂರದಿಂದ ಓಡಿಬಂದು, ತಲೆ ತಗ್ಗಿಸಿ, ಹೆಲ್ಮೆಟ್ಟಿನ ನೆತ್ತಿಯಿಂದಲೇ ಅವನ ಗದ್ದಕ್ಕೆ ಡಿಕ್ಕಿ ಹೊಡೆದ. ಆ ಸದ್ದು ಗಾಜಿನ ಆಚೆಯಿಂದಲೂ ಕೇಳಿತು. ರೆಫರಿ ತಪ್ಪಿನ ಗುರುತಾಗಿ ಹಳದಿ ಕರವಸ್ತ್ರ ಎಸೆದ. ಪೆಟ್ಟು ತಿಂದವನು ಎದ್ದು ಮೈ ಕೊಡವಿಕೊಂಡು ಹೋದ. ಪೆಟ್ಟು ಕೊಟ್ಟವನು ಎದ್ದು ಮೂರು ಹೆಜ್ಜೆ ನಡೆದು, ನಾಲ್ಕನೆಯದಕ್ಕೆ ಇಲ್ಲದ ಮೆಟ್ಟಿಲನ್ನು ಹುಡುಕುವವನಂತೆ ಕಾಲೆತ್ತಿದ. ಅಷ್ಟು ಸಾಕಾಗಿತ್ತು ಡೊರೀನಳಿಗೆ.

ಕಾರ್ವಿನ್ ಆಚೆ ಹೋದ. ಅವನ ಜಾಗಕ್ಕೆ ಬಂದವನನ್ನು ಎದುರು ತಂಡ ಎರಡೇ ಎಸೆತದಲ್ಲಿ ದಾಟಿತು. ನಾಲ್ಕು ಅಂಕ ಮುಂದಿದ್ದ ಟೊಲೆಡೊ ಮೂರು ಅಂಕದಿಂದ ಸೋತಿತು. ಹದಿನೇಳು ವರ್ಷಗಳ ನಂತರ ಫೈನಲ್ಲಿನ ಹೊಸ್ತಿಲಿಗೆ ಬಂದ ತಂಡ ಮನೆಗೆ ಹೋಯಿತು.

ಗುಂಡಿ ಒತ್ತಿದವರ ಹೆಸರನ್ನು ಲೀಗು ಹೇಳುವುದಿಲ್ಲ. ಆದರೆ ಡೊರೀನಳ ಊರಾದ ಹಾರ್ಲನ್ ಕ್ರೀಕಿನಲ್ಲಿ ಯಾರಿಗೆ ಗೊತ್ತಿರಲಿಲ್ಲ? ಸೋಮವಾರ ಬೇಕರಿಯಲ್ಲಿ ಅವಳ ಮುಂದಿದ್ದ ಮೂವರು ಮಾತು ನಿಲ್ಲಿಸಿದರು. ಕಾರ್ವಿನ್ ಅದೇ ಊರಿನ ಹುಡುಗ ಬೇರೆ. ಶಾಲೆಯ ಮೈದಾನದಲ್ಲಿ ಅವನಿಗೆ ಆಟ ಕಲಿಸಿ, ಹೀಗೆ ಓಡಿಬಂದು ಹೀಗೆ ಕೆಡವಬೇಕು ಎಂದು ತೋರಿಸಿಕೊಟ್ಟವನು ಗ್ಲೆನ್ ವೊಯ್ಟ್. ಡೊರೀನಳ ಗಂಡ. ನಾಲ್ಕು ವರ್ಷದಿಂದ ಅವಳ ಜೊತೆ ಇಲ್ಲದ ಗಂಡ.

ಮಂಗಳವಾರ ಬೆಳಿಗ್ಗೆ ಕಾಫಿ ಬಗ್ಗಿಸಿಕೊಳ್ಳುತ್ತಿದ್ದಾಗ ರೇಡಿಯೊದಲ್ಲಿ ಅವನ ಧ್ವನಿ ಬಂತು. ಕೇಳುಗರು ಫೋನ್ ಮಾಡಿ ಮಾತಾಡುವ ಕಾರ್ಯಕ್ರಮ. ತಲೆ ತಗ್ಗಿಸಿ ಡಿಕ್ಕಿ ಹೊಡೆದವನನ್ನು ದಂಡ ಹಾಕಿ ಬಿಡದೆ ಆ ಪಂದ್ಯದಿಂದಲೇ ಹೊರಗೆ ಕಳಿಸಬೇಕು ಎಂಬ ಹೊಸ ನಿಯಮವೊಂದು ಮಾರ್ಚಿನಲ್ಲಿ ತಂಡಗಳ ಮಾಲೀಕರ ಮುಂದೆ ಬರುವುದಿತ್ತು. ಅದಕ್ಕೆ ಗ್ಲೆನ್ ಸುತರಾಂ ಒಪ್ಪುವವನಲ್ಲ. ಯೌವನದಲ್ಲಿ ಮೂರು ವರ್ಷ ಟೊಲೆಡೊ ತಂಡಕ್ಕೇ ಆಡಿದವನು, ಇಪ್ಪತ್ತೆರಡು ವರ್ಷ ಕೋಚ್ ಆಗಿದ್ದವನು. ಹಾರಿದವನು ಕೊನೆಯ ಗಳಿಗೆಯಲ್ಲಿ ಮೈ ಕುಗ್ಗಿಸಿದರೆ ಎದೆಗೆ ಇಟ್ಟ ಗುರಿ ತಲೆಗೆ ತಾಗುತ್ತದೆ, ಅದು ಯಾರ ತಪ್ಪು ಎಂದು ಅವನು ಕೇಳುತ್ತಿದ್ದ. ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುವುದನ್ನು ನೂರು ಸಲ ನಿಧಾನವಾಗಿ ಓಡಿಸಿ ನೋಡಿ ತೀರ್ಪು ಕೊಡುವವರು ಒಂದೇ ಒಂದು ಸಲ ಕೆಳಗಿಳಿದು ಓಡಲಿ ಎಂದ.

ವಾದ ಅವಳಿಗೆ ಬಾಯಿಪಾಠವಿತ್ತು. ಅವಳು ಕೇಳಿಸಿಕೊಳ್ಳುತ್ತಿದ್ದದ್ದು ವಾದವನ್ನಲ್ಲ, ಮಾತಿನ ನಡುವಿನ ಬಿಡುವುಗಳನ್ನು. ಎಲ್ಲಿ ತಡವರಿಸಿದ, ಯಾವ ಪದಕ್ಕೆ ಸುತ್ತು ಹೊಡೆದ. ಎರಡು ಕಡೆ ಸಿಕ್ಕಿತು. ಎಣಿಸುತ್ತಿದ್ದೇನೆ ಎಂದು ಅರಿವಾದಾಗ ತನ್ನ ಮೇಲೇ ಹೇಸಿಗೆಯಾಗಿ ರೇಡಿಯೊ ಆರಿಸಿದಳು. ಮರುಕ್ಷಣ ಮತ್ತೆ ಹಾಕಿದಳು. ಅಷ್ಟರಲ್ಲಿ ಬೇರೆ ಯಾರೋ ಮಾತಾಡುತ್ತಿದ್ದರು.

ಮದುವೆಯಾದ ಮೊದಲ ವರ್ಷದಿಂದಲೂ ಅವರಿಬ್ಬರದು ಈ ಜಗಳವೇ. ಅವನಿಗೆ ಪೆಟ್ಟು ಆಟದ ಜೀವ. ಅವಳಿಗೆ ಆ ಪೆಟ್ಟು ಸೋಮವಾರ ಬೆಳಿಗ್ಗೆ ತನ್ನ ಕೋಣೆಯ ಬಾಗಿಲಿಗೆ ಬಂದು ನಿಲ್ಲುವ ಹುಡುಗ, ಬೆಳಕು ಕಣ್ಣಿಗೆ ಚುಚ್ಚುತ್ತಿದೆ, ದೀಪ ಆರಿಸಿ ಎನ್ನುವವನು. ಉಪ್ಪಿನ ಡಬ್ಬಿ, ಸಾಸಿನ ಬಾಟಲಿಗಳನ್ನೇ ಆಟಗಾರರನ್ನಾಗಿ ಮೇಜಿನ ಮೇಲೆ ನಿಲ್ಲಿಸಿ ಇಬ್ಬರೂ ವಾದಿಸುತ್ತಿದ್ದರು. ಊಟ ತಣ್ಣಗಾಗುತ್ತಿತ್ತು. ಸೋಲುವ ಹಾಗೆ ಕಂಡಾಗ ಗ್ಲೆನ್ ಎದ್ದುಬಂದು ಅವಳ ನೆತ್ತಿಗೊಂದು ಮುತ್ತು ಕೊಟ್ಟು, ಆಟಕ್ಕೆ ವಿರಾಮ ಎಂದು ಘೋಷಿಸುತ್ತಿದ್ದ. ಮಕ್ಕಳಿಲ್ಲದ ಮನೆ ಆ ಗಲಾಟೆಯಿಂದಲೇ ತುಂಬಿಕೊಂಡಿತ್ತು.

ಆಮೇಲೆ ಅವನು ಮರೆಯತೊಡಗಿದ. ಶಾಲೆಯಲ್ಲೇ ಗಾಡಿ ಬಿಟ್ಟು ನಡೆದು ಮನೆಗೆ ಬಂದ. ಹೇಳಿದ್ದನ್ನೇ ಅರ್ಧ ಗಂಟೆಯೊಳಗೆ ಮತ್ತೆ ಹೇಳಿದ. ಡೊರೀನ್ ಒಂದು ಚಿಕ್ಕ ಪುಸ್ತಕದಲ್ಲಿ ಬರೆಯಲು ಶುರುಮಾಡಿದಳು: ತಾರೀಕು, ಹೊತ್ತು, ಮರೆತದ್ದು ಏನು. ಡಾಕ್ಟರ ಹತ್ತಿರ ಹೋದಾಗ ಬೇಕಾಗುತ್ತದೆ ಎಂದು ಅವಳ ಲೆಕ್ಕ. ಡಾಕ್ಟರ ಮಾತೆತ್ತಿದರೆ ಅವನು ಎದ್ದು ಹೋಗುತ್ತಿದ್ದ. ಒಂದು ದಿನ ಆ ಪುಸ್ತಕ ಅವನ ಕೈಗೆ ಸಿಕ್ಕಿತು. ನಿಂತುಕೊಂಡೇ ಕೊನೆಯ ಪುಟದವರೆಗೂ ಓದಿದ.

ಅವನು ಕೂಗಾಡಲಿಲ್ಲ. "ನಂಗೆ ಹೆಂಡ್ತಿ ಬೇಕು ಕಣೆ" ಎಂದ. "ನೀನು ಎಷ್ಟು ದಿನದಿಂದ ನನ್ನ ಮುಖ ನೋಡಿಲ್ಲ ಗೊತ್ತಾ? ತಪ್ಪು ಎಲ್ಲಿ ಮಾಡ್ತಾನೆ ಅಂತ ನೋಡ್ತಾ ಇದೀಯ, ಅಷ್ಟೆ."

ಸರೋವರದ ದಂಡೆಯ ಪೋರ್ಟ್ ಕ್ಲಿಂಟನ್ನಿನಲ್ಲಿ ಅವನ ಅಕ್ಕ ಆಡ್ರಿ ಒಬ್ಬಳೇ ಇದ್ದಳು. ಒಂದು ವಾರಕ್ಕೆಂದು ಅಲ್ಲಿಗೆ ಹೋದವನು ಬರಲಿಲ್ಲ. ಅವನ ದೊಡ್ಡ ಬೂಟುಗಳು ಈಗಲೂ ಹಿಂದಿನ ಬಾಗಿಲ ಬಳಿ ಇದ್ದವು. ಗುಡಿಸುವಾಗ ಅವನ್ನು ಎತ್ತಿ, ಗುಡಿಸಿ, ಅದೇ ಜಾಗದಲ್ಲಿ ಇಡುತ್ತಿದ್ದಳು.

ಗುರುವಾರ ಗಾಜಿನ ಕಾರ್ಖಾನೆಯ ಕಾರ್ಮಿಕ ಸಂಘದಿಂದ ಸ್ಟಾನ್ಲಿ ಎಂಬ ಹಿರಿಯ ಬಂದ. ಶನಿವಾರ ಮಧ್ಯಾಹ್ನ ಸಂಘದ ಸಭಾಂಗಣದಲ್ಲಿ ಮೀನೂಟ ಇಟ್ಟಿದ್ದೇವೆ, ಊಟವಾದ ಮೇಲೆ ಹೊಸ ನಿಯಮದ ಬಗ್ಗೆ ಚರ್ಚೆ, ಬೇಡ ಎನ್ನುವ ಕಡೆಗೆ ಗ್ಲೆನ್ ಒಪ್ಪಿದ್ದಾನೆ ಎಂದು ಹೇಳಿದ. ಬೇಕು ಎನ್ನಲು ಊರಲ್ಲಿ ಯಾರೂ ಸಿಗುತ್ತಿಲ್ಲ ಎಂದೂ ಸೇರಿಸಿ ಟೋಪಿ ತಿರುಗಿಸುತ್ತ ನಿಂತ. ನಾನು ಬರುತ್ತೇನೆಂದು ಗ್ಲೆನ್‌ಗೆ ಗೊತ್ತಾ ಎಂದು ಡೊರೀನ್ ಕೇಳಿದಳು. ಗೊತ್ತು ಎಂದ ಸ್ಟಾನ್ಲಿ. ಅವಳ ಹೆಸರು ಸೂಚಿಸಿದ್ದೇ ಗ್ಲೆನ್ ಅಂತೆ.

ಲೀಗಿನವರನ್ನು ಕೇಳಿದಾಗ, ಯಾವ ಆಟಗಾರನ ಹೆಸರೂ ಎತ್ತಬೇಡಿ, ನಿಯಮದ ಬಗ್ಗೆ ಏನು ಬೇಕಾದರೂ ಹೇಳಿ ಎಂದರು. ಶನಿವಾರ ಬೆಳಿಗ್ಗೆ ಅವಳು ಮೂರು ಸಲ ಬಟ್ಟೆ ಬದಲಿಸಿದಳು. ಐವತ್ತೊಂಬತ್ತರ ಹೆಂಗಸು, ಮೀನೂಟಕ್ಕೆ ಹೊರಟವಳು.

ಸಭಾಂಗಣ ಕಿಕ್ಕಿರಿದಿತ್ತು. ಕರಿದ ಮೀನಿನ ಎಣ್ಣೆ ವಾಸನೆ, ಒದ್ದೆ ಕೋಟುಗಳ ವಾಸನೆ. ಗ್ಲೆನ್ ಆಗಲೇ ಮೇಜಿನ ಆ ತುದಿಯಲ್ಲಿದ್ದ. ಸ್ವಲ್ಪ ಇಳಿದಿದ್ದ; ಕಾಲರಿನೊಳಗೆ ಕತ್ತು ಸಡಿಲವಾಗಿತ್ತು. ಕೂದಲನ್ನು ಯಾರೋ ಮನೆಯಲ್ಲೇ ಕತ್ತರಿಸಿದ್ದರು, ಆಡ್ರಿಯೇ ಇರಬೇಕು, ಬಲಗಿವಿಯ ಮೇಲೆ ಒಂದು ಕುಚ್ಚು ಉಳಿದುಹೋಗಿತ್ತು. ಕೈ ಚಾಚಿ ಅದನ್ನು ಸರಿಪಡಿಸಬೇಕೆಂಬ ಆಸೆ ಡೊರೀನಳ ಬೆರಳ ತುದಿಗೆ ಬಂದು ನಿಂತಿತು. ಕೈಗಳನ್ನು ಮಡಿಲಲ್ಲಿ ಹಿಡಿದು ಕುಳಿತಳು.

"ಏನ್ ಮೇಡಂ, ಗಾಜಿನ ಮನೆಯಿಂದ ಇಳಿದು ಬಂದ್ರಾ?" ಎಂದ ಅವನು, ಎಲ್ಲರಿಗೂ ಕೇಳುವಂತೆ. ಜನ ನಕ್ಕರು.

"ಬಂದೆ ಕೋಚ್. ಕೆಳಗೆ ಗಲಾಟೆ ಜಾಸ್ತಿ ಅಂತ ದೂರು ಬಂದಿತ್ತು" ಎಂದಳು. ಅದಕ್ಕೂ ನಕ್ಕರು. ಅವನ ತುಟಿಯ ಮೂಲೆಯೂ ಅಲುಗಿತು.

ಮೊದಲ ಅರ್ಧ ಗಂಟೆ ಅವಳ ಪಾಲಿಗೆ ನಾಲ್ಕು ವರ್ಷದಲ್ಲೇ ಅತಿ ಸುಖದ ಹೊತ್ತು. ಅವನು ಹೇಳಿದ: ಈ ಊರಿನವರ ಅಪ್ಪಂದಿರು ಕುಲುಮೆಯ ಮುಂದೆ ನಿಂತು ಶ್ವಾಸಕೋಶ ಸುಟ್ಟುಕೊಂಡರು, ಅವರ ಸುರಕ್ಷತೆಗೆ ಗಾಜಿನ ಕೋಣೆಯಲ್ಲಿ ಯಾರೂ ಕೂತಿರಲಿಲ್ಲ, ದುಡಿಮೆಯ ಅಪಾಯ ಬಲ್ಲ ಗಂಡಸರಿಗೆ ಅದನ್ನು ಒಪ್ಪುವ ಹಕ್ಕೂ ಇದೆ. ಅವಳು ಹೇಳಿದಳು: ಕುಲುಮೆಗೂ ಆಮೇಲೆ ನಿಯಮ ಬಂತು, ಆ ನಿಯಮ ತಂದದ್ದು ಇದೇ ಸಂಘ, ಇದೇ ಸಭಾಂಗಣದಲ್ಲಿ ಕೂತು. ಹಿಂದಿನ ಸಾಲಿನಲ್ಲಿ ಯಾರೋ ಮುದುಕ ಮೇಜು ಕುಟ್ಟಿದ. ಒಪ್ಪುವ ಹಕ್ಕಿನ ಮಾತಿಗೂ ಅವಳ ಬಳಿ ಉತ್ತರವಿತ್ತು.

"ಡಿಕ್ಕಿ ಹೊಡೆದವನ ತಲೆಗೂ ಏಟು ಬಿದ್ದಿರುತ್ತೆ. ತಲೆಗೆ ಏಟು ಬಿದ್ದವನನ್ನ ಹೇಗಿದೀಯಪ್ಪ ಅಂತ ಕೇಳಿ ನೋಡಿ. ಚೆನ್ನಾಗಿದೀನಿ ಅಂತಾನೆ. ಅಮ್ಮನ ಹೆಸರು ಗೊತ್ತಿಲ್ಲದೆ ಇದ್ರೂ ಚೆನ್ನಾಗಿದೀನಿ ಅಂತಾನೆ. ಯಾಕಂದ್ರೆ ಆಚೆ ಬಂದ್ರೆ ಹೇಡಿ ಅಂತೀರ ನೀವು. ನಿಯಮ ಅನ್ನೋದು ಅವನಿಗೆ ಶಿಕ್ಷೆ ಅಲ್ಲ ಕೋಚ್, ನೆಪ. ನಾನಾಗಿ ಬರಲಿಲ್ಲ, ಅವರು ಕಳಿಸಿದ್ರು ಅನ್ನೋಕೆ ಒಂದು ನೆಪ."

ಆಗಲೇ ಕೊನೆಯ ಸಾಲಿನಲ್ಲಿ ಕಪ್ಪು ಕನ್ನಡಕ ಹಾಕಿ ಕೂತಿದ್ದ ಕಾರ್ವಿನ್ ಬೀಲ್ಸ್‌ನನ್ನು ಯಾರೋ ಗುರುತಿಸಿದರು. ಅವನ ಅಭಿಪ್ರಾಯ ಕೇಳಬೇಕೆಂದು ಕೂಗು ಎದ್ದಿತು. ಅವನು ನಿಧಾನವಾಗಿ ಎದ್ದು ನಿಂತ. ಭಾನುವಾರದ ಆಟ ತನಗೆ ನೆನಪೇ ಇಲ್ಲ, ಟಿವಿಯಲ್ಲಿ ನೋಡಿದೆ, ಬೇರೆ ಯಾರನ್ನೋ ನೋಡಿದ ಹಾಗಾಯಿತು ಎಂದ.

"ಬಿಟ್ಟಿದ್ರೆ ಖಂಡಿತ ಆಡ್ತಿದ್ದೆ" ಎಂದ. "ಇವತ್ತು ಬಿಟ್ಟರೂ ಆಡ್ತೀನಿ. ಅದಕ್ಕೇ ನನ್ನ ಮಾತು ಯಾರೂ ಕೇಳಬೇಡಿ ಅಂತ ಹೇಳೋಕೆ ಬಂದೆ."

ಅದು ಯಾರ ಕಡೆಯ ಮಾತು ಎಂದು ಜನಕ್ಕೆ ತಿಳಿಯದೆ ಎರಡೂ ಕಡೆಯವರು ಚಪ್ಪಾಳೆ ಹೊಡೆದರು. ಗ್ಲೆನ್ ಹೊಡೆಯಲಿಲ್ಲ. ತಾನು ಬೆಳೆಸಿದ ಹುಡುಗನನ್ನೇ ನೋಡುತ್ತಿದ್ದ. ಆಮೇಲೆ ಎದ್ದು ನಿಂತು ಮಾತು ಮುಂದುವರಿಸಿದ. ಆದರೆ ಆ ನೋಟದಲ್ಲಿ ಅವನ ದಾರ ಎಲ್ಲೋ ತುಂಡಾಗಿತ್ತು.

"ತಲೆಗೆ ಹೊಡೀಬೇಡ ಅಂದ್ರೆ ಎಲ್ಲಿಗೆ ಹೊಡೀತಾರೆ ಅವರು? ಕೆಳಗೆ ಹೋಗ್ತಾರೆ. ಆಗ ಹೋಗೋದು ಅವನ... ಹುಡುಗನ ಜೀವನವೇ ಹೋಗುತ್ತೆ. ಯಾಕಂದ್ರೆ ಅದು, ಆ..."

ಅವನು ನಿಂತ. ಬಲಗೈ ತನ್ನದೇ ಮಂಡಿಯ ಮೇಲೆ ಇಳಿದು ಅದನ್ನು ಹಿಡಿದುಕೊಂಡಿತು. ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಒಂದು ಕ್ಷಣ, ಎರಡು ಕ್ಷಣ. ಜನ ಇನ್ನೂ ಅದನ್ನು ಮಾತಿನ ವರಸೆ ಎಂದೇ ತಿಳಿದಿದ್ದರು. ಡೊರೀನಳಿಗೆ ಮಾತ್ರ ಅವನ ಕಣ್ಣಿನಲ್ಲಿ ಇಲ್ಲದ ಮೆಟ್ಟಿಲು ಕಂಡಿತು. ಇನ್ನು ಮೂರು ಕ್ಷಣ ಹೋದರೆ ಎಲ್ಲರಿಗೂ ಕಾಣುತ್ತಿತ್ತು.

ಅವಳು ಅಂಗೈಯಿಂದ ಮೇಜು ಬಡಿದಳು. "ಸಾಕು ಕೋಚ್. ಮಂಡಿ ಅಂತೀರ, ಮಂಡಿಗೆ ಹೊಡೀತಾರೆ ಅಂತೀರ. ಮೂವತ್ತು ವರ್ಷದಿಂದ ಅದೇ ಮಂಡಿ. ಮುರಿದ ಮಂಡಿಗೆ ಆಪರೇಶನ್ ಇದೆ, ತಲೆಗೆ ಏನಿದೆ ಹೇಳಿ?"

ಸಭಾಂಗಣದ ತುಂಬ ಛೀಮಾರಿ ಎದ್ದಿತು. ಅವರನ್ನು ಮಾತಾಡಲು ಬಿಡಿ ಎಂದು ಹೆಂಗಸೊಬ್ಬಳು ಗದರಿದಳು. ಸ್ಟಾನ್ಲಿ ಗಂಟೆ ಬಾರಿಸಿ, ಎದುರಿನವರ ಮಾತು ಕತ್ತರಿಸುವುದು ಸಭ್ಯತೆಯಲ್ಲ ಎಂದು ಡೊರೀನಳಿಗೆ ಹೇಳಿದ. ಅವಳು ತಲೆ ತಗ್ಗಿಸಿ ಕ್ಷಮೆ ಕೇಳಿದಳು. ಅಷ್ಟರಲ್ಲಿ ಗ್ಲೆನ್‌ಗೆ ನೆಲ ಸಿಕ್ಕಿತ್ತು. "ಹೌದು, ಮಂಡಿ" ಎಂದ ಅವನು. ಆ ಪದವನ್ನು ಎರಡು ಸಲ ಹೇಳಿದ, ಬಾಯಲ್ಲಿಟ್ಟು ರುಚಿ ನೋಡುವವನಂತೆ. ಆಮೇಲೆ ಹತ್ತು ನಿಮಿಷ ಎಷ್ಟು ಚೆನ್ನಾಗಿ ಮಾತಾಡಿದನೆಂದರೆ, ಕೊನೆಗೆ ಕೈ ಎತ್ತಿಸಿದಾಗ ಸಭೆಯ ಮುಕ್ಕಾಲು ಪಾಲು ಅವನ ಕಡೆಗಿತ್ತು.

ಹೊರಗೆ ಸರೋವರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಆಡ್ರಿ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದಳು. ಇವರನ್ನು ನೋಡಿ ಆ ಬದಿಯ ಗಾಜಿಗೆ ಹೋದಳು. ಗ್ಲೆನ್ ಕಿಸೆಯಲ್ಲಿ ಕೈ ಇಟ್ಟು ನಿಂತಿದ್ದ.

"ನೋಡಿದೆ ತಾನೆ ನೀನು?" ಎಂದ.

"ನೋಡಿದೆ."

"ಗುಂಡಿ ಒತ್ತಲಿಲ್ಲ."

ಉಳಿದದ್ದನ್ನೂ ಅವನೇ ಹೇಳಿದ. ಅಕ್ಟೋಬರಿನಲ್ಲಿ ಡಾಕ್ಟರ ಹತ್ತಿರ ಹೋಗಿದ್ದನಂತೆ, ಆಡ್ರಿಯ ಬಲವಂತಕ್ಕಲ್ಲ, ತಾನಾಗಿಯೇ. ಅವರು ಹೇಳಿದ್ದು ಡೊರೀನ್ ನಾಲ್ಕು ವರ್ಷದ ಹಿಂದೆ ಆ ಪುಸ್ತಕದಲ್ಲಿ ಬರೆದದ್ದಕ್ಕಿಂತ ಹೆಚ್ಚೇನೂ ಇರಲಿಲ್ಲವಂತೆ. ಇದನ್ನು ಹೇಳುವಾಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಅವಳು ಕೇಳಿಬಿಟ್ಟಳು. ಕೇಳಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದನ್ನೇ ಕೇಳಿದಳು. "ಮನೆಗೆ ಬಾ ಗ್ಲೆನ್."

ಅವನು ಬಹಳ ಹೊತ್ತು ಅವಳ ಮುಖ ನೋಡಿದ. "ಬಂದ್ರೆ ನಾನು ರೋಗಿ ಆಗ್ತೀನಿ ಕಣೆ. ನೀನು ಬೇಡ ಅಂದ್ಕೊಂಡ್ರೂ ಹಾಗೇ ಆಗುತ್ತೆ, ನಿನ್ನ ಕಣ್ಣೇ ಹಾಗೆ. ಆಡ್ರಿಗೆ ಅಷ್ಟೆಲ್ಲ ಕಾಣಲ್ಲ, ಅಲ್ಲಿ ಹಾಯಾಗಿದೀನಿ. ಇವತ್ತು ಒಂದು ಗಂಟೆ ನೀನು ನನ್ನ ಎದುರು ಪಕ್ಷದವಳಾಗಿದ್ದೆ. ಅದು ಸಿಗದೆ ಎಷ್ಟು ವರ್ಷ ಆಗಿತ್ತು."

"ಹಾಗಾದ್ರೆ ಫೋನಾದ್ರೂ ಮಾಡು" ಎಂದಳು. "ಜಗಳ ಆಡೋಕೆ."

ಅವನು ಒಪ್ಪಿದ. ಆಗ ಅವಳು ಕೈ ಎತ್ತಿ ಅವನ ಕಿವಿಯ ಮೇಲಿನ ಕುಚ್ಚನ್ನು ಹಿಂದಕ್ಕೆ ಸರಿಸಿದಳು. ಗಾಳಿಗೆ ಅದು ಮತ್ತೆ ಮುಂದೆ ಬಂತು.

ಆವತ್ತಿನಿಂದ ಪ್ರತಿ ಗುರುವಾರ ಸಂಜೆ ನಾಲ್ಕಕ್ಕೆ ಫೋನು ಬರತೊಡಗಿತು. ಹೇಗಿದ್ದೀ, ಊಟ ಆಯಿತಾ ಎಂಬುದೇನೂ ಇಲ್ಲ, ಎತ್ತಿದ ಕೂಡಲೇ ವಾದ. ಮಾರ್ಚಿನಲ್ಲಿ ಮಾಲೀಕರು ಹೊಸ ನಿಯಮಕ್ಕೆ ಒಪ್ಪಿಗೆ ಕೊಟ್ಟ ವಾರ ಅವನು ಒಂದು ಗಂಟೆ ಬಿಡದೆ ಬೈದ. ಅವಳು ಕಿವಿಗೆ ಫೋನು ಒತ್ತಿಕೊಂಡು ಒಂದೊಂದು ಬೈಗುಳವನ್ನೂ ಕೇಳಿದಳು. ಬರೆದಿಟ್ಟುಕೊಳ್ಳಲಿಲ್ಲ. ಪುಸ್ತಕವನ್ನು ಯಾವತ್ತೋ ಒಲೆಗೆ ಹಾಕಿದ್ದಳು. ಬುಧವಾರವೇ ಅವಳಿಗೆ ಒಂದು ಬಗೆಯ ಸಡಗರ ಶುರುವಾಗುತ್ತಿತ್ತು. ಶುಕ್ರವಾರ ಮನೆ ಇನ್ನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಕಾರ್ವಿನ್ ಬೇಸಿಗೆಯಲ್ಲಿ ಆಟ ಬಿಟ್ಟ ಸುದ್ದಿ ಬಂದಾಗ ಇಬ್ಬರೂ ಆ ವಾರ ವಾದ ಮಾಡಲಿಲ್ಲ. ಒಳ್ಳೆಯ ಕಾಲು ಹುಡುಗನದು ಎಂದಷ್ಟೇ ಗ್ಲೆನ್ ಹೇಳಿದ.

ಬೇಸಿಗೆ ಕಳೆದ ಮೇಲೆ ಮಾತು ಚಿಕ್ಕದಾಗುತ್ತ ಬಂತು. ಹೇಳಿದ್ದೇ ಮತ್ತೆ ಬರುತ್ತಿತ್ತು. ಅವಳು ಮೊದಲ ಸಲ ಕೇಳಿದವಳಂತೆ ಉತ್ತರ ಕೊಡುತ್ತಿದ್ದಳು. ನಂಬರು ಒತ್ತಿಕೊಡುವುದು ಆಡ್ರಿಯ ಕೆಲಸವಾಯಿತು.

ನವೆಂಬರಿನ ಒಂದು ಗುರುವಾರ ಫೋನು ಎತ್ತಿದಾಗ ಗ್ಲೆನ್ ಎಂದಿನ ಹುರುಪಿನಲ್ಲೇ ಇದ್ದ.

"ತಲೆಗೆ ಏಟು ಬಿದ್ದವನನ್ನ ಕೇಳಿದ್ರೆ ಏನಂತಾನೆ? ಚೆನ್ನಾಗಿದೀನಿ ಅಂತಾನೆ" ಎಂದ. "ಅಮ್ಮನ ಹೆಸರು ಗೊತ್ತಿಲ್ಲದೆ ಇದ್ರೂ ಹಾಗೇ ಅಂತಾನೆ. ಆಚೆ ಬಂದ್ರೆ ಹೇಡಿ ಅಂತೀರಲ್ಲ ನೀವು. ನಿಯಮ ಅವನಿಗೊಂದು ನೆಪ. ಇದಕ್ಕೆ ಏನಂತೀಯ?"

ಡೊರೀನ್ ಅಡುಗೆಮನೆಯ ಕುರ್ಚಿ ಎಳೆದುಕೊಂಡು ಕುಳಿತಳು. ಅವನು ತಡವರಿಸಲಿಲ್ಲ. ಕುಲುಮೆಯ ಮಾತು, ಸಂಘದ ಮಾತು, ದೀಪ ಆರಿಸಿ ಎನ್ನುವ ಹುಡುಗನ ಮಾತು, ಮೂವತ್ತು ವರ್ಷ ಊಟದ ಮೇಜಿನ ಮೇಲೆ ಅವಳು ಆಡಿದ್ದೆಲ್ಲ ಒಂದು ಪದ ಆಚೀಚೆಯಾಗದೆ ಅವನ ಬಾಯಿಂದ ಬರುತ್ತಿತ್ತು. ಅವನು ಗದ್ದಲ ಮಾಡುತ್ತಿದ್ದಾನೆ, ಕೇಳುವುದೇ ಇಲ್ಲ ಎಂದು ಅವಳು ಎಷ್ಟು ಸಲ ದೂರಿದ್ದಳು. ಮಂಡಿ ಎಂಬ ಪದ ಕೈಬಿಟ್ಟುಹೋದವನು ಇವನ್ನೆಲ್ಲ ಎಲ್ಲಿ ಇಟ್ಟುಕೊಂಡಿದ್ದ?

"ಯಾಕೆ, ಉತ್ತರ ಇಲ್ವಾ?" ಎಂದ ಅವನು. ದನಿಯಲ್ಲಿ ಸ್ವಲ್ಪ ಅಂಜಿಕೆ ಇತ್ತು.

ಇದೆ ಎಂದಳು ಡೊರೀನ್. ಹಾರಿದವನು ಕೊನೆಯ ಗಳಿಗೆಯಲ್ಲಿ ಮೈ ಕುಗ್ಗಿಸಿದರೆ ಅದು ಯಾರ ತಪ್ಪು ಎಂದು ಕೇಳಿದಳು. ನಿಧಾನವಾಗಿ ಓಡಿಸಿ ನೋಡಿ ತೀರ್ಪು ಕೊಡುವವರು ಒಂದು ಸಲ ಕೆಳಗಿಳಿದು ಓಡಲಿ ಎಂದಳು. ತಲೆ ಬೇಡವೆಂದರೆ ಮಂಡಿಗೆ ಹೊಡೆಯುತ್ತಾರೆ, ಹುಡುಗನ ಜೀವನವೇ ಹೋಗುತ್ತದೆ ಎಂದು ಅವನದೇ ಬಿರುಸಿನಲ್ಲಿ, ಎದ್ದು ನಿಂತು, ಮೇಜು ಬಡಿದು ಹೇಳಿದಳು. ಎಲ್ಲಿಯೂ ಬಿಟ್ಟುಕೊಡಲಿಲ್ಲ.

ಆ ಕಡೆಯಿಂದ ಅವನು ನಕ್ಕ. ಹಳೆಯ ನಗು, ಊಟ ತಣ್ಣಗಾಗುವ ಹೊತ್ತಿನದು. "ಮೊಂಡಿ ಕಣೆ ನೀನು" ಎಂದ. "ಮಂಡಿ ಮುರಿದ್ರೆ ಆಪರೇಶನ್ ಇದೆ. ತಲೆಗೆ ಏನಿದೆ ಹೇಳು?"

ಡೊರೀನ್ ಸೋತೆ ಎಂದು ಒಪ್ಪಿಕೊಂಡಳು. ಅವನು ಗೆದ್ದ ಖುಷಿಯಲ್ಲಿ ಆಡ್ರಿಯನ್ನು ಕೂಗಿ ಹೇಳುವುದು ಕೇಳಿಸಿತು, ದನಿ ಫೋನಿನಿಂದ ದೂರ ಸರಿಯುತ್ತ ಹೋಯಿತು. ಆ ಕಡೆ ಫೋನು ಇಡುವುದನ್ನು ಯಾರೂ ನೆನಪಿಡಲಿಲ್ಲ. ತಟ್ಟೆಗಳ ಸದ್ದು, ಕುರ್ಚಿ ಎಳೆದ ಸದ್ದು, ಸರೋವರದ ಗಾಳಿಗೆ ಎಲ್ಲೋ ಬಾಗಿಲು ಬಡಿದ ಸದ್ದು. ಡೊರೀನ್ ತನ್ನ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಅವರು ಊಟ ಮುಗಿಸುವವರೆಗೂ ಹಾಗೇ ಕೇಳುತ್ತ ಕುಳಿತಿದ್ದಳು.